ಎಲ್ಲ ಚಲೋ ಅನ್ನುವ ಗುರುಲಿಂಗವ್ವ

ಗುರುಲಿಂಗವ್ವ ಉಂಡ ತಾಟನ್ನು ತೊಳೆದು, ಆ ನೀರನ್ನು ಕುಡಿದು ಏಳುವ ಹೆಂಗಸು. ಬಾದಾಮಿ ಸೀಮೆಯಲ್ಲಿ ಹುಟ್ಟಿದವರು ಇದರಲ್ಲೇನು ವಿಶೇಷ ಎಂದು ಕೇಳಿಯಾರು. ಕೊರಳಲ್ಲಿ ಲಿಂಗವಿರುವ, ಮಠದ ಪಂಕ್ತಿಯಲ್ಲಿ ಕೂತು ಬೆಳೆದ ಹಿರಿಯರು ಬಹಳ ಮಂದಿ ಹಾಗೆಯೇ, ಕಡೆಯ ತುತ್ತಾದ ಮೇಲೆ ತಾಟಿಗೆ ನೀರು ಹೊಯ್ದು, ಅಂಚಿನುದ್ದಕ್ಕೂ ಬೆರಳಾಡಿಸಿ, ಒಂದು ಅಗುಳೂ ಹಿಂದುಳಿಯದಂತೆ ಕುಡಿದೇ ಏಳುವವರು. ಆದರೆ ಗುರುಲಿಂಗವ್ವನ ನೇಮಕ್ಕೆ ತಾಟಿನ ಅಂಚೇ ಗಡಿಯಾಗಿರಲಿಲ್ಲ. ಚಹಾ ಕುಡಿದ ಲೋಟ, ಮಜ್ಜಿಗೆಯ ಗಿಂಡಿ, ಮದುವೆಮನೆಯಲ್ಲಿ ಪಾಯಸ ಹಾಕಿಕೊಟ್ಟ ಕಾಗದದ ಬಟ್ಟಲು, ಎಲ್ಲವೂ ಅವಳ ಕೈಯಲ್ಲಿ ನೀರು ಕಂಡು, ಆ ನೀರು ಅವಳ ಗಂಟಲು ಕಂಡು, ಆಮೇಲೆಯೇ ಕೆಳಗಿಳಿಯಬೇಕು. ಒಮ್ಮೆ ಕೆಮ್ಮು ಹತ್ತಿ ದವಾಖಾನೆಗೆ ಹೋದಾಗ ಔಷಧಿ ಅಳೆದುಕೊಟ್ಟ ಮುಚ್ಚಳವನ್ನೂ ತೊಳೆದು ಕುಡಿದಳೆಂದೂ, ಡಾಕ್ಟರು ಬರೆಯುವುದನ್ನು ಬಿಟ್ಟು ನೋಡುತ್ತ ಕೂತರೆಂದೂ ಅವಳ ಸೊಸೆ ಪದ್ಮಶ್ರೀ ಹೇಳುತ್ತಾಳೆ. ಸೊಸೆಯ ಮಾತು; ಅರ್ಧ ಕಳೆದು ನಂಬಬೇಕು.

ಈ ನೇಮದ ಇನ್ನೊಂದು ಅರ್ಧ ನಾಲಿಗೆಗೆ ಸೇರಿದ್ದು. ಕೈಗೆ ಬಂದದ್ದೆಲ್ಲ ಪ್ರಸಾದ, ಪ್ರಸಾದಕ್ಕೆ ಹೆಸರಿಡಬಾರದು ಎಂದು ಅವಳ ಅಜ್ಜಿ ಎಳವೆಯಲ್ಲೇ ಹೇಳಿಕೊಟ್ಟಿದ್ದಳು. ಹೆಸರಿಡುವುದೆಂದರೆ ನಮ್ಮ ಕಡೆ ಕೊಂಕು ತೆಗೆಯುವುದು. ಉಪ್ಪು ಮುಂದಾಯಿತು ಅನ್ನುವಂತಿಲ್ಲ, ಖಾರ ಹಿಂದಾಯಿತು ಅನ್ನುವಂತಿಲ್ಲ, ಹಳಸಿದ್ದರೂ ಹಳಸಿದೆ ಅನ್ನುವಂತಿಲ್ಲ. ಏನು ಕೊಟ್ಟರೂ ಉಂಡು, ತೊಳೆದು ಕುಡಿದು, "ಚಲೋ ಐತ್ರಿ ಮತ್ತ" ಎನ್ನುವುದು. ಆ "ಮತ್ತ" ಎಂಬ ಬಾಲವನ್ನು ತುಸು ಎಳೆದು, ಅದರ ಮೇಲೆ ಇನ್ನಾರೂ ಮಾತು ಬೆಳೆಸದಂತೆ ಬಾಗಿಲು ಹಾಕಿದ ಹಾಗೆ ನಿಲ್ಲಿಸುವುದು. ಒಂದು ಬೆಳಿಗ್ಗೆ ಅವಳ ಕ್ಯಾಂಟೀನಿನಲ್ಲಿ ತಳ ಹತ್ತಿದ ಉಪ್ಪಿಟ್ಟನ್ನು ನಾನು ಮುಖ ಕಿವುಚಿಕೊಂಡು ನುಂಗುತ್ತಿದ್ದಾಗ, ಎದುರಿಗೆ ಕೂತು ಅದೇ ಉಪ್ಪಿಟ್ಟನ್ನು ಅವಳು ತಿನ್ನುತ್ತಿದ್ದ ಶಾಂತಿಯನ್ನು ಕಂಡು ನನ್ನ ನಾಲಿಗೆಯ ಮೇಲೆ ನನಗೇ ಅನುಮಾನ ಬಂದಿತ್ತು.

ಗಿಡ್ಡ ಆಳು. ತಲೆಯ ಮೇಲೆ ತುಂಬಿದ ಕೊಡವಿದೆಯೇನೋ ಎಂಬಂತೆ ಕೊರಳು ನೆಟ್ಟಗೆ ಹಿಡಿದು, ಹೆಜ್ಜೆಯನ್ನು ಮಾತ್ರ ಚುರುಕಾಗಿ ಹಾಕುವ ನಡಿಗೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಇವೆಲ್ಲದರ ಮೇಲೆ ಒಂದು ಖಾಕಿ ಅಂಗಿ. ಅದು ಗಂಡ ರಾಚಪ್ಪ ಸರಕಾರಿ ಬಸ್ಸಿನ ಕಂಡಕ್ಟರಾಗಿದ್ದ ಕಾಲದ್ದು. ಅವನು ನಿವೃತ್ತನಾದ ದಿನವೇ ಅಂಗಿಗೂ ನಿವೃತ್ತಿ ಕೊಡಬೇಕಿತ್ತು, ಇವಳು ಕೊಡಗೊಡಲಿಲ್ಲ. ಒಲೆಯ ಮುಂದೆ ಎಣ್ಣೆ ಸಿಡಿಯುತ್ತದೆಂದು ತಾನೇ ಹಾಕಿಕೊಂಡಳು. ಬಸ್‌ಸ್ಟ್ಯಾಂಡಿನಿಂದ ಮೇಣಬಸದಿಯ ಗುಹೆಗಳಿಗೆ ಹೋಗುವ ದಾರಿಯ ಆ ಕ್ಯಾಂಟೀನಿಗೆ ಹೊಸಬರು ಯಾರೇ ಬಂದರೂ ಮೊದಲು ನೋಡುವುದು ಸೀರೆಯ ಮೇಲಿನ ಆ ಖಾಕಿಯನ್ನೇ. ರಾಚಪ್ಪ ದುಡ್ಡಿನ ಗಲ್ಲೆಯ ಹಿಂದೆ ಕೂತು ಕೂಪನ್ನು ಹರಿದುಕೊಡುತ್ತಾನೆ. ಕೈಗೆ ಬೇರೆ ಕೆಲಸ ಬರುವುದಿಲ್ಲ.

ಗಿರಮಿಟ್ಟು, ಮಿರ್ಚಿ, ಉಪ್ಪಿಟ್ಟು, ಚಹಾ. ಇಷ್ಟರಲ್ಲೇ ಹದಿನಾಲ್ಕು ವರ್ಷ ನಡೆದ ಕ್ಯಾಂಟೀನು ಈಚಿನ ಎರಡು ವರ್ಷಗಳಲ್ಲಿ ಬಡವಾಯಿತು. ಎದುರಿನ ಸಾಲಿನಲ್ಲಿ ಫಳಫಳಿಸುವ ಹೋಟೆಲುಗಳು ಎದ್ದವು, ಗಿರಾಕಿ ಅತ್ತ ಹರಿದರು. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ದುಡಿಯುವ ಮಗ ವಾರಕ್ಕೊಮ್ಮೆ ಬಂದು, ಮುಚ್ಚಿಬಿಡುವುದು ಒಳ್ಳೆಯದೆಂದು ಹೇಳಿ ಹೋಗುತ್ತಿದ್ದ. ಸಾಲೆಯ ಅರೆಕಾಲಿಕ ಟೀಚರ್ ಕೆಲಸ ಬಿಟ್ಟು ಅತ್ತೆಯ ಜೊತೆ ಒಲೆಯ ಮುಂದೆ ನಿಂತಿದ್ದ ಪದ್ಮಶ್ರೀಗೆ ಮಾತ್ರ ಮುಚ್ಚುವ ಮಾತು ಕೇಳಿದರೆ ಕಣ್ಣು ತುಂಬುತ್ತಿತ್ತು. ಅಂಥ ಹೊತ್ತಿನಲ್ಲಿ ಹುನಗುಂದದ ಅನಿಲಕುಮಾರ ಬಂದ. ಮೈಸೂರು, ಮಂಡ್ಯದ ಕಡೆಯ ಜನರನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದು ಬಾದಾಮಿ, ಮಹಾಕೂಟ, ಪಟ್ಟದಕಲ್ಲು ತೋರಿಸಿ ಕಳಿಸುವ ಉದ್ಯೋಗ ಅವನದು. ದಿನಕ್ಕೆರಡು ಬಸ್ಸು, ಬೆಳಗಿನ ನಾಷ್ಟಾ ಎಲ್ಲಾದರೊಂದು ಕಡೆ ಆಗಬೇಕು.

"ನಾಷ್ಟಾ ನಿಮ್ಮದಽ ಪಾಡ ಐತ್ರಿ ಅವ್ವಾರ," ಅಂದ. "ಆದ್ರ ಆ ಮಂದಿ ಬಸ್ ಇಳದ ಕೂಡ್ಲೆ ಕಾಫಿ ಕೇಳ್ತಾರ. ಚಹಾ ಕೊಟ್ರ ಔಷಧ ಕುಡದಂಗ ಕುಡಿತಾರ. ಚಲೋ ಕಾಫಿ ಇಡ್ರಿ, ಎರಡೂ ಬಸ್ ಇಲ್ಲೇ ನಿಲ್ಲಸ್ತೇನಿ."

ಎರಡು ಬಸ್ಸು ನಿಂತರೆ ಕ್ಯಾಂಟೀನು ಉಳಿಯಿತು. ನಿಲ್ಲದಿದ್ದರೆ ಬಾಗಿಲಿಗೆ ಬೀಗ. ಲೆಕ್ಕ ಇಷ್ಟು ನಿಚ್ಚಳವಾಗಿತ್ತು. ನಿಚ್ಚಳವಾಗಿಲ್ಲದ್ದು ಒಂದೇ, ಕಾಫಿ ಎಂಬ ವಸ್ತು. ನಮ್ಮ ಕಡೆಯದು ಚಹಾದ ನಾಡು. ಕಾಫಿ ಇಲ್ಲಿ ಮದುವೆಯ ಬೀಗರಿಗೆ, ಜ್ವರ ಬಿಟ್ಟವರಿಗೆ, ದೊಡ್ಡ ಸಾಹೇಬರಿಗೆ ಎಂದು ಮಾಡುವ ಅಪರೂಪದ ಸಡಗರ. ಗುರುಲಿಂಗವ್ವ ಐವತ್ತೆಂಟು ವರ್ಷದಲ್ಲಿ ಕುಡಿದ ಕಾಫಿಯನ್ನು ಕೈಬೆರಳಲ್ಲಿ ಎಣಿಸಬಹುದಿತ್ತು, ಎಲ್ಲವೂ ಚಲೋ ಇದ್ದವು.

ಬಾಗಲಕೋಟೆಯ ನವನಗರದಲ್ಲಿ ಇಬ್ರಾಹಿಂಸಾಬನ ಕಾಫಿಪುಡಿ ಅಂಗಡಿ. ಹಳೆಯ ಊರಿಗೆ ನದಿಯ ಹಿನ್ನೀರು ಬಂದಾಗ ಅಪ್ಪನ ಕಾಲದ ಹುರಿಯುವ ಡ್ರಮ್ಮನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಹೊಸ ಊರಲ್ಲಿ ಹೂಡಿದ ಮನುಷ್ಯ. ಮಲೆನಾಡಿನ ಕಡೆಯಿಂದ ಹಸಿ ಬೀಜ ತರಿಸಿ, ತಾನೇ ಹುರಿದು, ತಾನೇ ಪುಡಿ ಮಾಡಿ, ಮದುವೆಗಳಿಗೂ ಹಾಸ್ಟೆಲುಗಳಿಗೂ ಸಗಟಾಗಿ ಕೊಡುತ್ತಾನೆ. ಮಾತಿನ ನಡುವೆ ಹೆಬ್ಬೆರಳು ತೋರುಬೆರಳು ಕೂಡಿಸಿ ಮೂಗಿಗೆ ಹಿಡಿದು ಮೂಸುವುದು ಅವನ ಚಾಳಿ. ಕೈಯಲ್ಲಿ ಪುಡಿ ಇರಲಿ ಬಿಡಲಿ. ಗುರುಲಿಂಗವ್ವ ಅವನಲ್ಲಿಗೆ ಮೊದಲ ಸಲ ಹೋದಾಗ ಅವನು ಸಂಭ್ರಮದಿಂದ ಮೂರು ಡಬ್ಬಿ ತೆಗೆದು, ಮೂರು ಲೋಟದಲ್ಲಿ ಹಾಲು ಸಕ್ಕರೆ ಇಲ್ಲದ ಬರೀ ಡಿಕಾಕ್ಷನ್ ಬಸಿದು ಸಾಲಾಗಿ ಇಟ್ಟ. ಒಂದನೆಯದು ಸ್ವಲ್ಪವೇ ಹುರಿದದ್ದು. ಎರಡನೆಯದು ಚಿಕೋರಿ ಎಂಬ ಬೇರಿನ ಪುಡಿ ಬೆರೆಸಿದ್ದು, ಮದುವೆಗಳಿಗೆ ಹೋಗುವ ಮಾಲು. ಮೂರನೆಯದು ಏನೂ ಬೆರೆಸದೆ ಕಡುವಾಗಿ ಹುರಿದದ್ದು. ಒಂದು ಗುಟುಕು ಕುಡಿದು ರುಚಿ ನೋಡಿ, ಉಳಿದದ್ದನ್ನು ಬಕೆಟ್ಟಿಗೆ ಚೆಲ್ಲುವುದು ಅಲ್ಲಿಯ ಪದ್ಧತಿ.

ಚೆಲ್ಲುವುದೆಂದರೇನು? ಗುರುಲಿಂಗವ್ವ ಮೂರೂ ಲೋಟವನ್ನು ಕಡೆಯ ಹನಿಯವರೆಗೆ ಕುಡಿದಳು. ಒಂದೊಂದು ಲೋಟ ಮುಗಿದಾಗಲೂ ನೀರು ಕೇಳಿ ಇಸಿದುಕೊಂಡು, ತೊಳೆದು, ಆ ಕಂದುನೀರನ್ನೂ ಕುಡಿದಳು. ಇಬ್ರಾಹಿಂಸಾಬ ಬೆರಳು ಮೂಸುವುದನ್ನು ಮರೆತು ನೋಡುತ್ತ ನಿಂತ.

"ಹೆಂಗನ್ನಿಸ್ತರಿ ಅವ್ವಾರ?"

"ಚಲೋ ಅದಾವರಿ ಮತ್ತ."

"ಯಾವದು ಚಲೋ?"

"ಎಲ್ಲಾ ಚಲೋ ಅದಾವ."

ಒಂದನ್ನು ಒಲ್ಲೆ ಎಂದರೆ ಅದಕ್ಕೆ ಹೆಸರಿಟ್ಟಂತಾಯಿತಲ್ಲ. ಆಗ ಅವಳಿಗೆ ಹೊಳೆದ ದಾರಿ ಬೇರೆ ಯಾರಿಗೂ ಹೊಳೆಯುವಂಥದಲ್ಲ: ಮೂರನ್ನೂ ಸಮಸಮ ಕಟ್ಟಿಸಿಕೊಂಡು ಬಂದಳು. ಒಂದು ದಿನ ಒಂದನೆಯ ಡಬ್ಬಿ, ಮರುದಿನ ಎರಡನೆಯದು, ಅದರ ಮರುದಿನ ಮೂರನೆಯದು, ಯಾವುದಕ್ಕೂ ಬೇಸರವಾಗಬಾರದು. ಅನಿಲಕುಮಾರನ ಬಸ್ಸುಗಳು ಪರೀಕ್ಷೆಗೆಂದು ಆ ವಾರ ನಿಂತವು. ಎರಡು ಮೂರು ದಿನ ಊರಲ್ಲೇ ಉಳಿದಿದ್ದ ಪ್ರವಾಸಿಗಳು ಒಂದೇ ಬೋರ್ಡಿನ ಕೆಳಗೆ ದಿನಕ್ಕೊಂದು ಕಾಫಿ ಕುಡಿದು ತಬ್ಬಿಬ್ಬಾದರು. ನಿನ್ನೆ ತುಂಬಾ ಚೆನ್ನಾಗಿತ್ತಲ್ಲ, ಇವತ್ತೇನಾಯ್ತು ಎಂದು ಒಬ್ಬ ಮುದುಕಿ ಕೇಳಿದಾಗ ಗುರುಲಿಂಗವ್ವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಿನ್ನೆಯದೂ ಚಲೋ, ಇವತ್ತಿನದೂ ಚಲೋ. ಎರಡು ಚಲೋಗಳ ನಡುವೆ ಅಂತರ ಎಲ್ಲಿಂದ ಬಂತು?

ವಾರದ ಕಡೆಗೆ ಅನಿಲಕುಮಾರ ಬಂದು ಖಡಕ್ಕಾಗಿ ಹೇಳಿದ. "ಅವ್ವಾರ, ಯಾವದಾರ ಒಂದು ಹಿಡೀರಿ. ದಿನಾ ಒಂದಽ ರುಚಿ ಇರಬೇಕು. ಬರೂ ಸೋಮವಾರ ನಾನಽ ಬಂದು ಕುಡೀತೇನಿ. ಪಾಡ ಇತ್ತಂದ್ರ ಬಸ್ ನಿಮ್ಮವು. ಇರಲಿಲ್ಲಂದ್ರ ಎದರಿನ ಹೋಟೆಲಿನವ್ರು ಕರದಾರ, ಅಲ್ಲಿ ಹೋಗ್ತಾವು."

ಸೋಮವಾರಕ್ಕೆ ಐದು ದಿನ ಉಳಿದಿದ್ದವು. ಬುಧವಾರ ಮತ್ತೆ ಬಾಗಲಕೋಟೆ. ಈ ಸಲ ಅವಳು ಬಸ್ಸಿನಲ್ಲಿ ಕೂತು ತನ್ನ ಮನಸ್ಸಿಗೆ ತಾನೇ ಒಂದು ವಕೀಲಿ ಮಾಡಿಕೊಂಡಿದ್ದಳು: ಕೊಟ್ಟದ್ದು ಪ್ರಸಾದ, ಕೊಂಡದ್ದು ಮಾಲು. ಮಾಲಿಗೆ ಹೆಸರಿಟ್ಟರೆ ದೋಷವಿಲ್ಲ. ಸಂತೆಯಲ್ಲಿ ಬದನೆಕಾಯಿ ಹುಳುಕಿದ್ದರೆ ತಾನೇನು ತರುತ್ತೇನೆಯೇ? ಇಲ್ಲಿಯವರೆಗೆ ವಾದ ಸರಿಯಾಗಿಯೇ ಬಂತು. ಆದರೆ ರುಚಿ ನೋಡಲೆಂದು ಪುಕ್ಕಟೆ ಕೊಟ್ಟ ಕಾಫಿ ಯಾವ ಕಡೆಯದು? ಅದು ಕೊಂಡದ್ದಲ್ಲ, ಆದ್ದರಿಂದ ಮಾಲಲ್ಲ. ಕೈಯೊಡ್ಡಿದಾಗ ಕೊಟ್ಟದ್ದು, ಆದ್ದರಿಂದ ಪ್ರಸಾದ. ಪ್ರಸಾದವಾದರೆ ಹೆಸರಿಡುವಂತಿಲ್ಲ, ಹೆಸರಿಡದೆ ಮಾಲು ಆರಿಸುವಂತಿಲ್ಲ. ಗುಳೇದಗುಡ್ಡ ಬರುವ ಹೊತ್ತಿಗೆ ವಕೀಲಿ ಪೂರ್ತಿ ಗಂಟಾಗಿತ್ತು.

ಅಂಗಡಿಯಲ್ಲಿ ಇಬ್ರಾಹಿಂಸಾಬ ಮತ್ತೆ ಮೂರು ಲೋಟ ಇಟ್ಟ, ಇವಳು ಮತ್ತೆ ಕುಡಿದು ತೊಳೆದು ಕುಡಿದಳು, ಮತ್ತೆ ಎಲ್ಲವೂ ಚಲೋ ಇದ್ದವು. ಅವನು ಸುಮ್ಮನೆ ಒಳಗೆ ಹೋಗಿ ನಾಲ್ಕನೆಯದೊಂದು ಲೋಟ ತಂದ. ಅವಳು ಅದನ್ನೂ ಕುಡಿದಳು, ತೊಳೆದಳು, ಕುಡಿದಳು.

"ಚಲೋ ಐತ್ರಿ ಮತ್ತ."

ಸಾಬ ನಗಲಿಲ್ಲ. ಸ್ಟೂಲು ಎಳೆದು ಎದುರಿಗೆ ಕೂತ. "ಅದು ಹೊತ್ತಿದ ಬೀಜದ್ದರಿ. ಮೊನ್ನೆ ಕರೆಂಟ್ ಹೋಗಿ ಡ್ರಮ್ ನಿಂತು ಇದ್ದಲಿ ಆಗಿದ್ದು. ಚೆಲ್ಲಾಕ ತಗದಿಟ್ಟಿದ್ದೆ."

"ಹೊತ್ತಿದ್ರೂ ಬೀಜಾನಽ ಅಲ್ಲೇನ್ರಿ ಸಾಬರ," ಎಂದಳು ಗುರುಲಿಂಗವ್ವ. ಬಾಯಿ ಹಾಗೆ ಸಲೀಸಾಗಿ ಆಡಿತೇ ಹೊರತು ಕಣ್ಣು ಆ ನಾಲ್ಕನೆಯ ಲೋಟದ ತಳವನ್ನೇ ನೋಡುತ್ತಿತ್ತು.

"ಅವ್ವಾರ, ಸಿಟ್ಟ ಆಗಬ್ಯಾಡ್ರಿ. ಎಲ್ಲಾ ಚಲೋ ಅಂದ್ರ ಒಂದೂ ಚಲೋ ಇಲ್ಲ ಅಂದಂಗಽ. ನಮ್ಮ ಕಡೆ ಯಾರಿಗೂ ಕಾಫಿ ತಿಳಿಯಂಗಿಲ್ಲ, ಹಾಲು ಸಕ್ರಿ ಹಾಕಿ ಮುಗಿಸಿಬಿಡ್ತಾರ. ಇಷ್ಟ ವರ್ಷ ಆತು, ನನ್ನ ಮಾಲಿನಾಗ ಇಂಥಾದು ಕಡಿಮಿ ಐತಿ ಅಂತ ಹೇಳಿದ ಒಂದು ನರಪಿಳ್ಳೆ ಸಿಕ್ಕಿಲ್ಲ ನನಗ. ನೀವು ಅಷ್ಟು ತೊಳದು ಕುಡಿಯೋರು, ನಿಮಗಾರ ತಿಳೀತದ ಅಂತ ಮಾಡಿದ್ದೆ."

ಅವನ ದನಿಯಲ್ಲಿ ಗೇಲಿ ಇರಲಿಲ್ಲ, ನಿರಾಶೆ ಇತ್ತು. ಗೇಲಿಯಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮೂರರದೂ ಒಂದೊಂದು ಪುಟ್ಟ ಪೊಟ್ಟಣ ಕಟ್ಟಿಸಿಕೊಂಡು ಬಸ್ಸು ಹತ್ತಿದವಳಿಗೆ ಕಿಟಕಿಯ ಹೊರಗೆ ಏನು ಬಂತು ಏನು ಹೋಯಿತು ತಿಳಿಯಲಿಲ್ಲ. ಹೊತ್ತಿದ್ದನ್ನು ಚಲೋ ಅಂದದ್ದು ನೇಮದಿಂದಲೋ, ನಿಜವಾಗಿ ತಿಳಿಯದೆಯೋ? ಅದೇ ಅವಳ ತಲೆ ಕೊರೆಯುತ್ತಿದ್ದ ಹುಳು. ಹೊತ್ತಿದೆ ಎಂದು ಒಳಗೆ ಗೊತ್ತಾಗಿ, ಮೇಲೆ ಚಲೋ ಎಂದಿದ್ದರೆ ಅದು ವ್ರತ. ಗೊತ್ತೇ ಆಗದಿದ್ದರೆ? ಐವತ್ತು ವರ್ಷ ವ್ರತವೆಂದು ಕಾಪಾಡಿಕೊಂಡು ಬಂದದ್ದು ಬರೀ ಜಡ್ಡುಗಟ್ಟಿದ ನಾಲಿಗೆಯೇ? ತನ್ನ ಬಾಯಿ ತನಗೇ ಪರಕೀಯವಾದಂತೆನಿಸಿ, ಊರು ಮುಟ್ಟುವವರೆಗೆ ಅವಳು ನಾಲಿಗೆಯನ್ನು ಹಲ್ಲಿನ ಸಂದಿಯಲ್ಲಿ ಸುಮ್ಮನೆ ಆಡಿಸುತ್ತ ಕೂತಿದ್ದಳು. ನಮಗೆ ನಗು ಬರಬಹುದು. ಆದರೆ ಅವಳಿಗಾದ ದಿಗಿಲು ಸಣ್ಣದಲ್ಲ. ಊರೆಲ್ಲ ಮೆಚ್ಚಿದ ಗುಣವೇ ತನ್ನ ಕೊರತೆಯಾಗಿರಬಹುದೆಂದು ಮೊದಲ ಬಾರಿ ಅನ್ನಿಸಿದವರ ದಿಗಿಲು ಅದು.

ಗುರುವಾರ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಮೂರು ಲೋಟ ಸಾಲಾಗಿಟ್ಟುಕೊಂಡು ಅವಳು ಹಿತ್ತಿಲ ಕಟ್ಟೆಯ ಮೇಲೆ ಕೂತಳು. ಮಾಡಿನ ಮೇಲೆ ಕೂತ ಕೋತಿಗಳ ಹೊರತು ಬೇರೆ ಸಾಕ್ಷಿ ಬೇಡವೆಂದಿದ್ದಳು. ಪದ್ಮಶ್ರೀ ಮಾತ್ರ ಬಾಗಿಲ ಮರೆಯಿಂದ ನೋಡುತ್ತಿದ್ದಳು. ಒಂದನೆಯದು ಕುಡಿದಳು, ತೊಳೆದು ಕುಡಿದಳು. ಎರಡನೆಯದು, ಮೂರನೆಯದು, ಹಾಗೆಯೇ. ಆಮೇಲೆ ಮೂರು ಖಾಲಿ ಲೋಟಗಳನ್ನು ದಿಟ್ಟಿಸುತ್ತ ಗಲ್ಲಕ್ಕೆ ಕೈಕೊಟ್ಟು ಕೂತಳು.

"ಅತ್ತಿ," ಎಂದಳು ಸೊಸೆ ಹೊರಗೆ ಬಂದು, "ಎರಡನೇದು ನಿಮಗ ಸೇರಲಿಲ್ಲ."

"ಯಾರ ಹೇಳಿದ್ರು ನಿನಗ?"

"ತೊಳದು ಕುಡಿಯೂಮುಂದ ಉಸರು ಹಿಡದ್ರಿ. ಉಳದ ಎರಡಕ್ಕ ಹಿಡೀಲಿಲ್ಲ."

ಗುರುಲಿಂಗವ್ವ ಸಿಡಿಮಿಡಿಗೊಂಡಳು. ತಾನು ಉಸಿರು ಹಿಡಿದೇ ಇಲ್ಲವೆಂದಳು, ಹಿಡಿದಿದ್ದರೆ ಬಿಕ್ಕಳಿಕೆಗೆ ಇರಬೇಕೆಂದಳು, ಅತ್ತೆ ಕುಡಿಯುವುದನ್ನು ಕದ್ದು ನೋಡುವ ಸೊಸೆಯರು ಹಿಂದೆ ಇರಲಿಲ್ಲವೆಂದಳು. ಆದರೆ ಸೊಸೆ ಒಳಗೆ ಹೋದ ಮೇಲೆ ಎರಡನೆಯ ಲೋಟವನ್ನು ಇನ್ನೊಮ್ಮೆ ತೊಳೆದು ಕುಡಿದು ನೋಡಿದಳು. ಉಸಿರು ನಿಂತಿತೋ ಇಲ್ಲವೋ. ಗಮನವಿಟ್ಟು ನೋಡಲು ಹೋದರೆ ಉಸಿರು ಎಲ್ಲಿ ತನ್ನ ಪಾಡಿಗೆ ತಾನಿರುತ್ತದೆ? ಇದ್ದ ಗೊಂದಲ ಇಮ್ಮಡಿಯಾಯಿತು.

ಮರುದಿನ ಶುಕ್ರವಾರ. ಶುಕ್ರವಾರವೆಂದರೆ ಆ ಮನೆಯಲ್ಲಿ ಪುಂಡಿಪಲ್ಯ. ಹುಳಿಸೊಪ್ಪನ್ನು ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಬಿಸಿ ಜೋಳದ ರೊಟ್ಟಿಯ ಜೊತೆ. ಮದುವೆಯಾದ ಮೊದಲ ಶುಕ್ರವಾರ ಅದನ್ನು ಮಾಡಿ ಬಡಿಸಿದ್ದಳು, ರಾಚಪ್ಪ ಚಲೋ ಐತಿ ಅಂದಿದ್ದ. ಅಂದಿನಿಂದ ಮೂವತ್ತಾರು ವರ್ಷ, ಪುಂಡಿಸೊಪ್ಪು ಸಿಕ್ಕ ಯಾವ ಶುಕ್ರವಾರವನ್ನೂ ಅವಳು ಬಿಟ್ಟಿರಲಿಲ್ಲ. ಗಂಡನಿಗೆ ಸೇರುತ್ತದೆಂದು ದೂರದ ತೋಟದಿಂದ ತರಿಸುತ್ತಿದ್ದಳು. ಆ ದಿನ ಬಡಿಸುತ್ತ ಬಡಿಸುತ್ತ ಏನನ್ನಿಸಿತೋ, ಸವಟು ಹಿಡಿದುಕೊಂಡೇ ಕೇಳಿದಳು.

"ನಾ ಮಾಡೂದರಾಗ ನಿಮಗ ಯಾವದು ಭಾಳ ಸೇರ್ತೈತ್ರಿ?"

"ಎಲ್ಲಾ ಚಲೋ ಇರ್ತಾವು," ಎಂದ ರಾಚಪ್ಪ, ತುತ್ತು ಮುರಿಯುತ್ತ.

ತನ್ನದೇ ಮಾತು ಎದುರಿನಿಂದ ಬಂದು ಮುಖಕ್ಕೆ ಬಡಿದಾಗ ಗುರುಲಿಂಗವ್ವನಿಗೆ ಬಂದಂಥ ಸಿಟ್ಟು ಆ ಮನೆ ಎಂದೂ ಕಂಡಿರಲಿಲ್ಲ. ಇಬ್ರಾಹಿಂಸಾಬ ಸ್ಟೂಲಿನ ಮೇಲೆ ಯಾಕೆ ಹಾಗೆ ಕೂತನೆಂದು ಅವಳಿಗೆ ಆ ಕ್ಷಣಕ್ಕೆ ತಿಳಿಯಿತು. ಮೂವತ್ತಾರು ವರ್ಷ ಒಲೆಯ ಮುಂದೆ ನಿಂತವಳಿಗೆ ಈ ಮನುಷ್ಯ ಒಂದು ಸುದ್ದಿಯನ್ನೂ ಕೊಟ್ಟಿಲ್ಲ. ಅವನಿಗೆ ಬಡಿಸಿದ್ದೂ ಒಂದೇ, ಗೋಡೆಗೆ ಬಡಿಸಿದ್ದೂ ಒಂದೇ.

"ಖರೆ ಹೇಳ್ರಿ," ಎಂದಳು. "ಇವತ್ತ ಖರೆ ಹೇಳದ ತಾಟ ಬಿಟ್ಟು ಏಳಬ್ಯಾಡ್ರಿ."

ರಾಚಪ್ಪ ಹೆಂಡತಿಯ ಮುಖ ನೋಡಿದ, ಸೊಸೆಯ ಮುಖ ನೋಡಿದ, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ. "ಪುಂಡಿಪಲ್ಯ..." ಎಂದ. "ಅದರ ಹುಳಿ ನನಗ ಆಗೂದಿಲ್ಲ. ಹಲ್ಲ ಜುಂ ಅಂತಾವು. ಮೊದಲಿಂದಾನೂ."

ಪದ್ಮಶ್ರೀ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು. ಗುರುಲಿಂಗವ್ವನಿಗೆ ಅಳು ಬಂತು, ಅಳುವಿನ ಬೆನ್ನಿಗೇ ಇನ್ನೊಂದು ವಿಚಾರ ಬಂದು ಅಳುವನ್ನು ತಡೆಯಿತು. ಅವನಿಗೆ ಸೇರದಿದ್ದರೆ, ಇಷ್ಟು ವರ್ಷ ಮಳೆಯೆನ್ನದೆ ಬಿಸಿಲೆನ್ನದೆ ಸೊಪ್ಪು ತರಿಸಿದ್ದು ಯಾರಿಗಾಗಿ? ಗುರುವಾರ ಸಂಜೆಯೇ ಬಾಯಲ್ಲಿ ನೀರೂರುತ್ತಿದ್ದದ್ದು ಯಾರಿಗೆ? ಪಾತ್ರೆಯ ತಳದಲ್ಲಿ ಉಳಿದದ್ದನ್ನು ರೊಟ್ಟಿಯಲ್ಲಿ ಒರೆಸಿ ಒರೆಸಿ ತಿನ್ನುತ್ತಿದ್ದದ್ದು ಯಾರು?

"ಹಂಗಾರ ನನಗಽ ಸೇರ್ತಿತ್ತು," ಎಂದಳು, ಗಂಡನಿಗಲ್ಲ, ತನಗೆ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ ಹೇಳುತ್ತದೆ. ಈ ಹೆಂಗಸು ಊಟವನ್ನೂ ಪರರ ಇಚ್ಛೆಯ ಖಾತೆಗೆ ಬರೆಸಿ, ತನ್ನ ಇಚ್ಛೆಯನ್ನು ಗಂಡನ ಹೆಸರಿನಲ್ಲಿ ಬಚ್ಚಿಟ್ಟು ಉಂಡಿದ್ದಳು. ಬಚ್ಚಿಟ್ಟದ್ದು ಅವಳಿಗೂ ಗೊತ್ತಿರಲಿಲ್ಲ. ರಾಚಪ್ಪ ಅಂಜುತ್ತಂಜುತ್ತ ತಾಟಿನಲ್ಲಿದ್ದ ಪಲ್ಯವನ್ನು ಮುಗಿಸಹೊರಟಾಗ ಅವಳು ಅದನ್ನು ಕಸಿದು ತನ್ನ ತಾಟಿಗೆ ಹಾಕಿಕೊಂಡಳು, ಅವನಿಗೆ ಶೇಂಗಾಚಟ್ನಿ ಮೊಸರು ಬಡಿಸಿದಳು. ಅವನ ಮುಖ ಅರಳಿದ್ದು ಅವಳ ಹೊಟ್ಟೆಯನ್ನು ಸ್ವಲ್ಪ ಉರಿಸಿತು ಎಂಬುದನ್ನೂ ಹೇಳಿಬಿಡಬೇಕು.

ಶನಿವಾರ ಅವಳು ಬಾಗಲಕೋಟೆಗೆ ಹೋದಾಗ ಸೊಸೆಯೂ ಜೊತೆಗಿದ್ದಳು. ಈ ಭಾಗವನ್ನು ನಾನು ಕೇಳಿದ್ದು ಅವಳಿಂದ. ಅತ್ತೆ ಅಂಗಡಿಯ ಮೆಟ್ಟಿಲು ಹತ್ತಿದವಳು ಲೋಟ ಮುಟ್ಟಲಿಲ್ಲವಂತೆ. ಖಾಕಿ ಅಂಗಿಯ ಗುಂಡಿಯನ್ನು ತಿರುವುತ್ತ, ಮಠದಲ್ಲಿ ತಪ್ಪೊಪ್ಪಿಕೊಳ್ಳುವವಳ ಹಾಗೆ ನೆಲ ನೋಡುತ್ತ ನಿಂತಳಂತೆ.

"ಸಾಬರ, ಎರಡನೇದು... ನನಗ ಸೇರಲಿಲ್ಲರಿ."

ಹೇಳಿದ್ದಕ್ಕೆ ಜಗತ್ತೇನೂ ಮುಳುಗಲಿಲ್ಲ. ಇಬ್ರಾಹಿಂಸಾಬ ಬೆರಳು ಮೂಗಿಗೆ ಹಿಡಿದವನು ಹಾಗೆಯೇ ನಿಂತು, "ಯಾಕ? ಏನಾಗೈತಿ ಅದಕ?" ಎಂದು ಕೇಳಿದ, ಬೈಸಿಕೊಳ್ಳಲು ಕಾದು ಕೂತವನ ಆತುರ ಅದು.

"ಕುಡಿಯೂಮುಂದ ತಿಳಿಯೂದಿಲ್ಲ. ಲೋಟ ತೊಳದು ಕುಡದ್ರ ಸುಟ್ಟ ಬೆಲ್ಲದ ಹಂಗ ಗಂಟಲಾಗ ಅಂಟತೈತಿ. ಒಂದನೇದು ತೆಳ್ಳಗ, ನಾಲಿಗಿಗೆ ಹತ್ತೂದಽ ಇಲ್ಲ. ಮೂರನೇದು ತೊಳದ ನೀರೂ ಸ್ವಚ್ಛ ಇರ್ತೈತಿ. ಕಹಿ ಐತಿ ಖರೆ, ಆದ್ರ ಬಂದು ಹೋಗಿಬಿಡ್ತೈತಿ."

ಸಾಬ ಎರಡನೆಯ ಡಬ್ಬಿಯ ಪುಡಿಯನ್ನು ಬಸಿದು, ಕುಡಿದು, ಚೆಲ್ಲಿ, ಅದೇ ಲೋಟಕ್ಕೆ ನೀರು ಹಾಕಿ, ಜನ್ಮದಲ್ಲಿ ಮೊದಲ ಸಲ ತೊಳೆದು ಕುಡಿದ. ಆಮೇಲೆ, ಮದುವೆಯ ಮಂದಿ ಬಣ್ಣ ಬೇಕು ಬಣ್ಣ ಬೇಕು ಅಂದದ್ದಕ್ಕೆ ವರ್ಷವರ್ಷಕ್ಕೂ ಚೂರುಚೂರೇ ಚಿಕೋರಿ ಹೆಚ್ಚಿಸುತ್ತ ಬಂದಿದ್ದೇನೆಂದೂ, ಎಲ್ಲಿಗೆ ಬಂದು ಮುಟ್ಟಿದೆ ಎಂಬುದು ತನಗೇ ತಿಳಿಯದೆ ಹೋಯಿತೆಂದೂ ಒಪ್ಪಿಕೊಂಡ. ಗುರುಲಿಂಗವ್ವನಿಗೆ ಕುರ್ಚಿ ಹಾಕಿಸಿದ. ಮೂರನೆಯ ಪುಡಿ ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ, ಪ್ರತಿ ಸಲ ಡ್ರಮ್ಮು ಇಳಿಸಿದಾಗ ಒಂದು ಚೂರು ಮೊದಲು ಅವಳಿಗೇ ಕಳಿಸುತ್ತೇನೆ, ಅವಳು ತೊಳೆದು ಕುಡಿದು ಹೇಳಿದ ಮೇಲೆಯೇ ಪೊಟ್ಟಣ ಕಟ್ಟುತ್ತೇನೆ ಎಂದ.

ಸೋಮವಾರ ಬೆಳಿಗ್ಗೆ ಅನಿಲಕುಮಾರ ಬಂದು ಬೆಂಚಿನ ಮೇಲೆ ಕೂತ. ಪದ್ಮಶ್ರೀ ಕಾಫಿ ಬೆರೆಸಿದಳು, ಗುರುಲಿಂಗವ್ವ ತಾನೇ ಕೈಯಾರೆ ತಂದಿಟ್ಟಳು. ಅವನು ಅರ್ಧ ಕುಡಿದು ಲೋಟ ಕೆಳಗಿಟ್ಟ.

"ಚಲೋ ಐತ್ರಿ ಅವ್ವಾರ."

ರಾಚಪ್ಪ ಗಲ್ಲೆಯ ಹಿಂದೆ ನಿಟ್ಟುಸಿರು ಬಿಟ್ಟ. ಮಾತು ಅಲ್ಲಿಗೆ ನಿಂತಿದ್ದರೆ ಎಲ್ಲವೂ ಸುಖಾಂತ. ಗುರುಲಿಂಗವ್ವ ನಿಲ್ಲಗೊಡಲಿಲ್ಲ.

"ಚಲೋ ಅನ್ನೂದು ಬಿಡ್ರಿ ತಮ್ಮಾ. ನಿಮಗ ಸೇರಿತೋ ಇಲ್ಲೋ, ಅದನ್ನ ಹೇಳ್ರಿ."

ಅನಿಲಕುಮಾರ ಹುಬ್ಬೇರಿಸಿದ. ಸತ್ಯ ಕೇಳುವ ಅಂಗಡಿಯವರನ್ನು ಅವನು ಅಷ್ಟಾಗಿ ಕಂಡಿರಲಿಕ್ಕಿಲ್ಲ. "ಖರೆ ಹೇಳಬೇಕಂದ್ರ ನನಗ ಒಂದೀಟು ಕಹಿ ಆತು. ಹೋದ ವಾರ ಒಂದು ದಿನ ಕೆಂಪಗ, ಮಂದ ಇತ್ತಲ್ಲ, ಅದು ಪಾಡ ಇತ್ತು. ಅದನ್ನಽ ಇಡ್ರಿ."

ಕೆಂಪಗೆ ಮಂದವಾಗಿದ್ದದ್ದು ಎರಡನೆಯ ಡಬ್ಬಿ. ಪದ್ಮಶ್ರೀ ಅತ್ತೆಯ ಸೆರಗು ಹಿಡಿದು ಜಗ್ಗಿದಳು. ಆಗಲಿ ಅನ್ನಬೇಕು, ಇಷ್ಟೇ. ಜೀವಮಾನವೆಲ್ಲ ಅಂದದ್ದನ್ನು ಇನ್ನೊಂದು ಸಲ ಅನ್ನಬೇಕು, ಎರಡು ಬಸ್ಸು ಬಾಗಿಲಿಗೆ ಬಂದು ನಿಲ್ಲುತ್ತವೆ. ಗುರುಲಿಂಗವ್ವನ ತುಟಿ ಎರಡು ಸಲ ಅಲುಗಿದ್ದನ್ನು ಸೊಸೆ ನೋಡಿದಳು.

"ಅದನ್ನ ನಾ ಮಾರೂದಿಲ್ಲರಿ," ಎಂದಳು. "ಅದು ನನಗ ಸೇರೂದಿಲ್ಲ. ನನಗ ಸೇರಲಾರದ್ದು ನಿಮ್ಮ ಮಂದಿಗೆ ಕುಡಸಂಗಿಲ್ಲ. ಇದು ಸೇರ್ತೈತಿ, ದಿನಾ ಇದಽ ಇರ್ತೈತಿ."

ರಾಚಪ್ಪನ ಕೈಯಲ್ಲಿದ್ದ ಕೂಪನ್ನಿನ ಪುಸ್ತಕ ಕೆಳಗೆ ಬಿತ್ತು. ಅನಿಲಕುಮಾರ ಅವಳನ್ನೂ ಲೋಟವನ್ನೂ ನೋಡಿ, ಉಳಿದರ್ಧ ಕಾಫಿಯನ್ನು ನಿಧಾನವಾಗಿ, ಈ ಸಲ ಕುಡಿಯುತ್ತಿರುವುದೇನೆಂದು ತಿಳಿದುಕೊಂಡು ಕುಡಿದ. ಒಂದು ಬಸ್ಸು ಇಲ್ಲಿ ನಿಲ್ಲಿಸುತ್ತೇನೆ, ಇನ್ನೊಂದು ಎದುರಿನ ಹೋಟೆಲಿಗೆ ಹೋಗಲಿ, ಕಹಿ ಬೇಕಾದವರು ಇತ್ತ ಬರಲಿ ಎಂದು ಹೇಳಿ ಎದ್ದ. ಒಂದು ಬಸ್ಸಿಗೆ ಕ್ಯಾಂಟೀನು ಉಳಿಯುತ್ತದೆಯೇ ಎಂದು ಕೇಳಿದರೆ ಪದ್ಮಶ್ರೀ ಉಳಿಯುತ್ತದೆ ಅನ್ನುತ್ತಾಳೆ, ಮಗ ನೋಡೋಣ ಅನ್ನುತ್ತಾನೆ. ಗುರುಲಿಂಗವ್ವನನ್ನು ಕೇಳಿದರೆ, ತಾನು ಮಾಡಿದ್ದು ಸರಿಯೋ ತಪ್ಪೋ, ಅಜ್ಜಿ ಹೇಳಿಕೊಟ್ಟ ನೇಮ ಉಳಿಯಿತೋ ಮುರಿಯಿತೋ, ತನಗಿನ್ನೂ ತಿಳಿದಿಲ್ಲ ಅನ್ನುತ್ತಾಳೆ.

ಇಂಥವರು ನಮ್ಮೆಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಪಂಕ್ತಿಯ ಕೊನೆಗೆ ಕೂರುವವರು, ಮುರಿದ ರೊಟ್ಟಿ ಹಾಕಿಸಿಕೊಳ್ಳುವವರು, ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟಿಗೆ ತಾವಾಗಿ ಹೋಗುವವರು. ಏನು ಕೇಳಿದರೂ ಆಗಲಿ, ಎಲ್ಲ ಚಲೋ. ಅವರನ್ನು ನಾವು ಸಾತ್ವಿಕರೆಂದು ಕೊಂಡಾಡುತ್ತೇವೆ, ಏಕೆಂದರೆ ಕೊಂಡಾಡುವುದು ಕೇಳುವುದಕ್ಕಿಂತ ಸುಲಭ. ನಿನಗೆ ಏನು ಬೇಕು ಎಂದು ಕೇಳಿದರೆ ಅವರಿಗೂ ಉತ್ತರ ಹುಡುಕಲು ದಿನಗಳೇ ಬೇಕಾಗುತ್ತವೆ, ಅಷ್ಟು ಹೊತ್ತು ಕಾಯುವ ವ್ಯವಧಾನ ನಮಗಿಲ್ಲ. ಅಂಥವರು ಎಂದಾದರೊಂದು ದಿನ ಒಲ್ಲೆ ಅಂದರೆ ಮನೆಯವರೆಲ್ಲ ಬೆಚ್ಚಿಬೀಳುತ್ತಾರೆ. ಇಷ್ಟು ವರ್ಷ ಹೂಂ ಅಂದದ್ದರಲ್ಲಿ ಖರೆ ಎಷ್ಟಿತ್ತೆಂದು ಅವರವರ ತಾಟಿನ ಮುಂದೆ ಕೂತು ಆಮೇಲೆ ಯೋಚಿಸುತ್ತಾರೆ.